ಶನಿವಾರದ ಎರಡು ಹನಿ ಎಣ್ಣೆ

ಅಡುಗೆಯಾಕೆಯ ಬಲಗೈ ಮಣಿಕಟ್ಟು ಊದಿಕೊಂಡಿದ್ದರಿಂದ ಆ ಯಂತ್ರ ಬಂತು. ಈ ಮಾತನ್ನು ಮೊದಲೇ ಬರೆದಿಡಬೇಕು. ಏಕೆಂದರೆ ನಾಲ್ಕೇ ತಿಂಗಳಲ್ಲಿ ನಾನು ಮರೆತದ್ದು ಇದನ್ನೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೊಳಕಾಲ್ಮೂರಿನಲ್ಲಿ ಒಂದು ದತ್ತಿ ನಡೆಸುತ್ತಿದ್ದ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ನಾನು ಮೇಲ್ವಿಚಾರಕಿ. ಅರವತ್ತೆರಡು ಹುಡುಗಿಯರು, ಒಬ್ಬ ಅಡುಗೆಯಾಕೆ. ಆಕೆ ಗೌರಸಮುದ್ರದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲೆಯೇ ದುಡಿಯುತ್ತಿದ್ದಳು. ರಜೆ ಬಂದರೆ ಕೂಲಿ ಇಲ್ಲ. ಬೇಸಿಗೆಯ ಎರಡು ತಿಂಗಳು ಯಾರದೋ ಹೊಲದಲ್ಲಿ ಕಲ್ಲು ಆಯಲು ಹೋಗುತ್ತಿದ್ದಳು. ಖಾಯಂ ಆಗುವುದೊಂದೇ ಆಕೆಯ ಆಸೆ. ಅದನ್ನು ಆಕೆ ಬಾಯಿಬಿಟ್ಟು ಕೇಳಿದ್ದು ಒಂದೇ ಸಲ. "ಅಮ್ಮಾರೆ, ಈ ಸಲ ನಮ್ಮ ಹೆಸ್ರು ಬರೀರಿ" ಅಂದಳು. ಬರೆಯುತ್ತೇನೆ ಅಂದಿದ್ದೆ.

ಮಂಗಳವಾರ, ಶುಕ್ರವಾರ ಸಂಜೆಗೆ ಚಪಾತಿ. ಐದಾರು ಕಿಲೋ ಗೋಧಿಹಿಟ್ಟನ್ನು ಆಕೆ ನೆಲದ ಮೇಲೆ ಕೂತು, ದೊಡ್ಡ ತಟ್ಟೆಯಲ್ಲಿ ಕೈಯಲ್ಲೇ ಕಲಸಿ ನಾದುತ್ತಿದ್ದಳು. ಮಣಿಕಟ್ಟು ಊದಿತು. ಸರ್ಕಾರಿ ಆಸ್ಪತ್ರೆಯ ವೈದ್ಯರು ಹಿಟ್ಟು ನಾದಬಾರದು ಎಂದರು. ನಾನು ಚಳ್ಳಕೆರೆಯಲ್ಲಿದ್ದ ದತ್ತಿಯ ಕಾರ್ಯದರ್ಶಿಯವರಿಗೆ ಪತ್ರ ಬರೆದೆ. ಅವರು ಎಣ್ಣೆ ವ್ಯಾಪಾರಸ್ಥರು. ಅವರ ಸೊಸೆಗೆ ಮದುವೆಯಲ್ಲಿ ಎರಡು ಫುಡ್ ಪ್ರೊಸೆಸರ್ ಉಡುಗೊರೆ ಬಂದಿದ್ದವಂತೆ. ಒಂದು ನಮಗೆ ಬಂತು. ಜೂನ್ ಎರಡನೇ ವಾರ, ಪೆಟ್ಟಿಗೆಗೆ ಸುತ್ತಿದ ಬಣ್ಣದ ಕಾಗದ ಇನ್ನೂ ಹಾಗೇ ಇತ್ತು.

ನಮ್ಮಲ್ಲಿ ಆಗಲೇ ಎರಡು ಯಂತ್ರಗಳಿದ್ದವು. ಇಡ್ಲಿ ದೋಸೆ ಹಿಟ್ಟಿಗೆ ಕಲ್ಲಿನ ಗ್ರೈಂಡರ್, ಚಟ್ನಿ ಮಸಾಲೆಗೆ ಮಿಕ್ಸಿ. ಇದು ಮೂರನೆಯದು. ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಲು ಒಂದು ವಾರ ಇಟ್ಟೆ. ಪುಸ್ತಿಕೆಯನ್ನು ಪೆನ್ಸಿಲ್ ಹಿಡಿದು ಓದಿದೆ. ದಿನಕ್ಕೊಂದು ಪರೀಕ್ಷೆ.

ಶೇಂಗಾ ಚಟ್ನಿ ಸೋತಿತು. ಬಟ್ಟಲು ಅಗಲ, ಬ್ಲೇಡು ಗಿಡ್ಡ; ಅರ್ಧ ಕಾಳು ಮೆತ್ತಗಾಗಿ ಗೋಡೆಗೆ ಅಂಟಿದರೆ ಉಳಿದರ್ಧ ಇಡಿಯಾಗಿ ಓಡಾಡುತ್ತಿತ್ತು. ಅದಕ್ಕೆ ಮಿಕ್ಸಿಯ ಕಿರಿದಾದ ಜಾರೇ ಸರಿ. ನೆನೆಸಿದ ಉದ್ದು ಹಾಕಿ ನೀರು ಬಿಟ್ಟರೆ ಬಟ್ಟಲಿನ ನಡುವೆ ಇರುವ ಕೊಳವೆಯ ಮಟ್ಟ ಮೀರಿ ನೀರು ಕೆಳಗಿನ ಮೋಟಾರಿನ ಮೇಲೆ ಸೋರಿತು. ಒಡನೆ ನಿಲ್ಲಿಸಿದೆ. ಹಿಟ್ಟು ಹಗುರಾಗಿ ಉಬ್ಬಬೇಕಾದರೆ ಕಲ್ಲೇ ಬೇಕು. ಆದರೆ ಎಲೆಕೋಸು ಹೆರೆಯುವ ತಟ್ಟೆ ಹಾಕಿದಾಗ ನಾವಿಬ್ಬರೂ ಬಾಯಿಬಿಟ್ಟು ನೋಡಿದೆವು. ಅರ್ಧ ಗಂಟೆಯ ಕೆಲಸ ಮೂರು ನಿಮಿಷ. ಈರುಳ್ಳಿಯಾದರೆ ಗುಂಡಿಯನ್ನು ಮೂರು ಸಲ ಒತ್ತಿ ಬಿಡಬೇಕು. ನಾಲ್ಕನೆಯ ಸಲಕ್ಕೆ ಗೊಜ್ಜು.

ಮುಚ್ಚಳ ತಿರುಗಿಸಿ ಕಟ್ ಎಂದು ಕೂರಿಸದಿದ್ದರೆ ಯಂತ್ರ ತಿರುಗುವುದಿಲ್ಲ. ಅಡುಗೆಯಾಕೆಗೆ ಮೊದಲ ಎರಡು ದಿನ ಅದು ಕೂರಲೇ ಇಲ್ಲ.

"ಬೀಗರು ಬಂದಂಗೈತೆ ಅಮ್ಮಾರೆ. ಕೂತ್ಕಳ್ರಿ ಅಂತ ಎಷ್ಟು ಸಲ ಅನ್ನಬೇಕೋ."

"ಬಾಣದ ಗುರುತು ನೋಡು. ಗುರುತಿಗೆ ಗುರುತು ಸೇರಿಸು."

"ಬೀಗರಿಗೂ ಹಿಂಗೆ ಒಂದು ಗುರುತಿದ್ದಿದ್ರೆ ಚೆನ್ನಾಗಿರ್ತಿತ್ತು."

ಹಿಟ್ಟು ಕಲಸಲು ಉಕ್ಕಿನ ಬ್ಲೇಡಲ್ಲ, ಬಿಳಿ ಪ್ಲಾಸ್ಟಿಕ್ಕಿನದು. ಒಂದು ಸಲಕ್ಕೆ ಮೂರು ಲೋಟ ಹಿಟ್ಟು, ಅದಕ್ಕಿಂತ ಹೆಚ್ಚು ಕೂಡದು. ಒಂದನೇ ವೇಗ, ಎರಡು ನಿಮಿಷ. ಹಿಟ್ಟು ಉಂಡೆಯಾಗಿ ಗೋಡೆ ಬಿಟ್ಟ ಕೂಡಲೇ ನಿಲ್ಲಿಸಬೇಕು. ಆಮೇಲೆ ಮೋಟಾರಿಗೆ ಐದು ನಿಮಿಷ ಬಿಡುವು. ಹದಿನಾಲ್ಕು ಸರತಿ. ಬಲ್ಬು ಕೆಂಪಗೆ ಉರಿಯುತ್ತಿದ್ದರೆ, ಅಂದರೆ ವೋಲ್ಟೇಜು ಕಡಿಮೆಯಿದ್ದರೆ, ಮುಟ್ಟಲೇಬಾರದು. ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಜೊತೆಗೆ ಒಂದು ರಿಜಿಸ್ಟರ್ ಗೆರೆ ಹಾಕಿದೆ. ದಿನಾಂಕ, ಕೆಲಸ, ಸರತಿ, ಬಿಡುವು, ಸ್ವಚ್ಛತೆ, ಎಣ್ಣೆ. ಆರು ಕಾಲಂ. ಮೊದಲ ಐದಕ್ಕೆ ಆಕೆಯ ಸಹಿ, ಕೊನೆಯದಕ್ಕೆ ನನ್ನದು.

"ನನ್ ಕೈ ಇದನ್ನ ಮುಕ್ಕಾಲು ಗಂಟೇಲಿ ಮುಗಿಸ್ತಿತ್ತು" ಎಂದಳು, ಬಿಡುವಿನ ಐದು ನಿಮಿಷದಲ್ಲಿ ಗೋಡೆಗೊರಗಿ ಕೂತು. "ಇದಕ್ಕೆ ನನಗಿಂತ ಜಾಸ್ತಿ ಸುಸ್ತು."

"ನಿನ್ನ ಕೈ ಈಗ ಹೇಗಿದೆ?"

ಮಣಿಕಟ್ಟು ತಿರುಗಿಸಿ ತೋರಿಸಿದಳು. ಊತ ಇಳಿದಿತ್ತು.

ಎಣ್ಣೆಯ ಕಾಲಂ ನನ್ನ ಸ್ವಂತದ್ದು. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಎಣ್ಣೆ ಎಂದರೆ ಶೇಂಗಾ ಎಣ್ಣೆ. ನಮ್ಮ ತಂದೆ ಶನಿವಾರ ಸಂಜೆ ಐದಕ್ಕೆ ಬಟ್ಟಲಲ್ಲಿ ಎಣ್ಣೆ, ಒಂದು ಕೋಳಿ ಪುಕ್ಕ ಹಿಡಿದು ಮನೆ ಸುತ್ತುತ್ತಿದ್ದರು. ಬಾಗಿಲ ಕೀಲು, ರಾಟೆ, ಬೀಗ, ಸೈಕಲ್ ಚೈನು, ಅಮ್ಮನ ಹೊಲಿಗೆ ಯಂತ್ರ. ಎಲ್ಲಕ್ಕೂ ಎರಡೆರಡು ಹನಿ. ತಪ್ಪಿಸಿದ ಶನಿವಾರ ನನಗೆ ನೆನಪಿಲ್ಲ. ನಾನು ಬೆಳೆದದ್ದು ಆ ಶಿಸ್ತಿನಲ್ಲಿ. ಪುಸ್ತಿಕೆಯ ಕೊನೆಯ ಪುಟದಲ್ಲಿ, ಈ ಮೋಟಾರಿಗೆ ಎಣ್ಣೆ ಹಾಕುವ ಅಗತ್ಯವಿಲ್ಲ ಎಂದಿತ್ತು. ಓದಿದ್ದೆ. ಸೋಮಾರಿಗಳಿಗಾಗಿ ಬರೆದ ಮಾತು ಅದು ಎಂದುಕೊಂಡೆ. ಶನಿವಾರ ಐದಕ್ಕೆ ಬಟ್ಟಲು ತೆಗೆದಿಟ್ಟು, ಮೋಟಾರಿನಿಂದ ಮೇಲೆದ್ದ ಕಡ್ಡಿಯ ಬುಡಕ್ಕೆ ಅಡುಗೆ ಡಬ್ಬಿಯಿಂದಲೇ ಎರಡು ಹನಿ ಬಿಟ್ಟು, ಕೈಯಲ್ಲಿ ತಿರುಗಿಸಿ, ಸಹಿ ಹಾಕುತ್ತಿದ್ದೆ.

ಮೂರನೆಯ ಶನಿವಾರವೋ ನಾಲ್ಕನೆಯದೋ ಆಕೆ ನೋಡುತ್ತ ನಿಂತಿದ್ದಳು.

"ಶೇಂಗಾ ಎಣ್ಣೆ ಬ್ಯಾಡ ಅನ್ಸುತ್ತೆ ಅಮ್ಮಾರೆ."

"ಯಾಕೆ?"

ಮೂಲೆಯಲ್ಲಿದ್ದ ಬಾಣಲೆ ತಂದು ಬೋರಲು ಹಾಕಿದಳು. ಹಿಂಬದಿಯಲ್ಲಿ ವರ್ಷಗಳ ಎಣ್ಣೆ ಕಾದು ಕಾದು ಕಂದು ಅಂಟಾಗಿ ಹೆಪ್ಪುಗಟ್ಟಿತ್ತು. ಉಗುರಲ್ಲಿ ಕೆರೆದು ತೋರಿಸಿದಳು. ಬರಲಿಲ್ಲ. "ಬಿಸಿ ತಾಗಿದ್ರೆ ಹಿಂಗೆ ಹಿಡ್ಕಂತೈತೆ. ಮಿಷನ್ನೂ ಬಿಸಿ ಆಗ್ತೈತಲ್ಲ."

"ಬಾಣಲೆ ತಿಕ್ಕುವುದು ನಿನ್ನ ಕೆಲಸ. ಅದನ್ನು ತಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ" ಎಂದೆ.

ಆಕೆ ಬಾಣಲೆ ಎತ್ತಿಕೊಂಡು ಹೋಗಿ ಬೂದಿ ಹಾಕಿ ತಿಕ್ಕಲು ಕೂತಳು. ಊತ ಇಳಿದಿದ್ದರೂ ಮಣಿಕಟ್ಟು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಯಂತ್ರ ನರಳತೊಡಗಿತು. ಗುಂಡಿ ತಿರುಗಿಸಿದರೆ ಒಂದು ಕ್ಷಣ ತಡೆದು ಹೊರಡುತ್ತಿತ್ತು. ಬಿಡುವಿನ ಐದು ನಿಮಿಷವನ್ನು ಏಳು ಮಾಡಿದೆ. ಹಿಟ್ಟು ಸ್ವಲ್ಪ ಸಡಿಲ ಕಲಸಲು ಹೇಳಿದೆ. ಎರಡು ಹನಿ ಎಣ್ಣೆಯನ್ನು ನಾಲ್ಕು ಮಾಡಿದೆ. ಎಣ್ಣೆ ಬಿಟ್ಟ ದಿನ ಸಲೀಸಾಗಿ ತಿರುಗುತ್ತಿತ್ತು, ಹಾಗಾಗಿ ನನ್ನ ಔಷಧದ ಮೇಲೆ ನನಗೆ ನಂಬಿಕೆ ಹೆಚ್ಚಿತು. ದಸರಾ ರಜೆಗೆ ಹುಡುಗಿಯರೆಲ್ಲ ಊರಿಗೆ ಹೋದರು, ಅಡುಗೆಯಾಕೆಯೂ ಹೋದಳು. ನಾನೊಬ್ಬಳೇ ಖಾಲಿ ಅಡುಗೆಮನೆಗೆ ಹೋಗಿ ಶನಿವಾರದ ಎಣ್ಣೆ ಬಿಟ್ಟು ಬಂದೆ. ಆಯುಧಪೂಜೆಗೆ ಮೂರೂ ಯಂತ್ರ ಒರೆಸಿ ಕುಂಕುಮ ಇಟ್ಟೆ.

ರಜೆ ಮುಗಿದ ಮೇಲಿನ ಶುಕ್ರವಾರ, ಆರನೆಯ ಸರತಿಯಲ್ಲಿ, ಯಂತ್ರ ಗುರ್ ಎಂದು ನಿಂತಿತು. ಮೋಟಾರಿನ ಸೀಳುಗಳಿಂದ ನೀಲಿ ಹೊಗೆ. ಬುಡದಲ್ಲಿದ್ದ ಕೆಂಪು ಗುಂಡಿ ಹೊರಗೆ ಬಂದಿತ್ತು. ಅದು ಭಾರ ಹೆಚ್ಚಾದಾಗ ತಾನೇ ಹಾರುವ ಗುಂಡಿ. ಹತ್ತು ನಿಮಿಷ ಆರಿಸಿ ಒತ್ತಿದೆ, ಮತ್ತೆ ಹಾರಿತು. ಮೂರನೆಯ ಸಲ ಒತ್ತಲಿಲ್ಲ. ಮುಚ್ಚಳ ತೆಗೆದು ಮುದ್ದೆಯ ಗಾತ್ರ ನೋಡಿದೆ. ಮೂರಲ್ಲ, ನಾಲ್ಕು ಲೋಟದ್ದು.

"ನಾಲ್ಕು ಹಾಕಿದ್ದೀಯ."

"ಕರೆಂಟು ಹೋಗ್ತೈತೆ ಅಂದ್ರು ಅಮ್ಮಾರೆ. ಬೇಗ ಆಗ್ಲಿ ಅಂತ. ಇವತ್ತೊಂದೇ ದಿನ."

"ಗೋಡೆಯ ಮೇಲೆ ಏನು ಬರೆದಿದೆ?"

"ಮೂರು."

"ನಿನ್ನ ಕೈಗಾಗಿ ತಂದ ಯಂತ್ರ ಇದು" ಎಂದೆ. ಹುಡುಗಿಯರ ಎದುರಿಗೇ ಅಂದೆ.

ಸೋಮವಾರ ದತ್ತಿಯಿಂದ ಪತ್ರ ಬಂತು. ದತ್ತಿಗೆ ಎರಡು ನಿಲಯಗಳಿದ್ದವು, ನಮ್ಮದು ಮತ್ತು ನಾಯಕನಹಟ್ಟಿಯದು. ಎರಡೂ ಕಡೆಯ ಅಡುಗೆಯವರಲ್ಲಿ ಒಬ್ಬರನ್ನು ಆ ವರ್ಷ ಖಾಯಂ ಮಾಡುವುದು, ಇನ್ನೊಬ್ಬರನ್ನು ಮುಂದಿನ ವರ್ಷ. ಮೇಲ್ವಿಚಾರಕಿಯರು ವರದಿ ಕಳಿಸಬೇಕು. ಅಂದೇ ಕೂತು ಬರೆದೆ. ಕೈ ಶುದ್ಧ, ರುಚಿ ಚೆನ್ನ, ಸಮಯಪಾಲನೆ ಉತ್ತಮ. ಕೊನೆಗೊಂದು ಸಾಲು: ಯಂತ್ರಗಳ ಬಳಕೆಯಲ್ಲಿ ಸೂಚನೆ ಮೀರುವ ನಿರ್ಲಕ್ಷ್ಯವಿದೆ, ಇದರಿಂದ ದಾನವಾಗಿ ಬಂದ ಯಂತ್ರ ಹಾಳಾಗಿದೆ. ನ್ಯಾಯವಾದ ವರದಿ ಎಂದೇ ನಂಬಿದ್ದೆ. ಸಂಜೆಯ ಟಪಾಲಿಗೆ ಹಾಕಿದೆ.

ಗುರುವಾರ ಯಂತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಯ ಬಸ್ಸು ಹತ್ತಿದೆ. ಮೋಟಾರು ರಿಪೇರಿಯವರು ನನ್ನ ವಯಸ್ಸಿನವರೇ, ಮಾರುಕಟ್ಟೆಯ ಹಿಂದಿನ ಸಣ್ಣ ಅಂಗಡಿ. ಬುಡದ ನಾಲ್ಕು ಸ್ಕ್ರೂ ಬಿಚ್ಚಿದರು. ಮೇಲಿನ ಕಡ್ಡಿ ತಿರುಗಿಸಲು ನೋಡಿದರು. ತಿರುಗಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು.

"ಮೇಡಂ, ಇದರಲ್ಲಿ ಬಜ್ಜಿ ಕರಿದೀರಾ?"

ನಾನು ನಕ್ಕೆ. ಅವರು ನಗಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಕಂದು ಅಂಟನ್ನು ಎಬ್ಬಿಸಿ ಕಾಗದದ ಮೇಲಿಟ್ಟರು.

"ಇದು ಶೇಂಗಾ ಎಣ್ಣೆ. ಈ ಕಡ್ಡಿ ತಿರುಗೋ ಬುಶ್ ಒಳಗೆ ಕಂಪನಿಯೋರೇ ಎಣ್ಣೆ ಕುಡಿಸಿ ಕೂರ್ಸಿರ್ತಾರೆ. ನಾವು ಹಾಕೋದು ಬ್ಯಾಡ. ಹಾಕಿದ್ರೆ ಕೆಳಗಿಳಿದು ಕಾರ್ಬನ್ ಪುಡಿ ಜೊತೆ ಸೇರಿ ಅಂಟಾಗ್ತದೆ. ಅಂಟಾದ್ರೆ ಬಿಗಿ. ಬಿಗಿಯಾದ್ರೆ ಬಿಸಿ. ಬಿಸಿಯಾದ್ರೆ ಇನ್ನೂ ಅಂಟು. ಒಳಗಿನ ತಂತಿ ಸುರುಳಿ, ಈ ಆರ್ಮೇಚರ್, ಪೂರಾ ಸುಟ್ಟೈತೆ ನೋಡ್ರಿ."

"ಹಿಟ್ಟು ಜಾಸ್ತಿ ಹಾಕಿದ್ದರಿಂದ ಅಲ್ಲವೇ? ಮೂರು ಲೋಟದ ಜಾಗದಲ್ಲಿ ನಾಲ್ಕು ಹಾಕಿದ್ದರು."

"ಅರೆ, ಒಂದು ಲೋಟ ಹಿಟ್ಟಿಗೆ ಮೋಟರ್ ಸಾಯಲ್ಲ ಮೇಡಂ. ಅದಕ್ಕೇ ಕೆಂಪು ಗುಂಡಿ ಇರೋದು. ಇದು ಎಷ್ಟೋ ತಿಂಗಳ ಕೆಲಸ. ಯಾರೋ ತಪ್ಪದಂಗೆ ಹಾಕ್ಕಂಡು ಬಂದವ್ರೆ." ತಲೆಯೆತ್ತಿ ಕೇಳಿದರು: "ಯಾರು ಹಾಕಿದ್ದು?"

ತಪ್ಪದೆ ಹಾಕಿಕೊಂಡು ಬಂದವಳು ಅವರ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು. ಬಾಯಿಂದ ಬಂದ ಮಾತು ಇದು:

"ಅಡುಗೆಯವರು ಹಾಕಿರಬೇಕು."

"ಪಾಪ, ಅವರಿಗೇನು ಗೊತ್ತು. ಬಯ್ಯಬ್ಯಾಡ್ರಿ, ತಿಳಿಸಿ ಹೇಳ್ರಿ" ಎಂದರು.

ಯಂತ್ರವನ್ನು ಅಲ್ಲೇ ಬಿಟ್ಟೆ. ಹೊಸ ಸುರುಳಿ ಸುತ್ತಿ ಕೊಡಲು ಎರಡು ವಾರ ಬೇಕೆಂದರು. ಬಸ್ ನಿಲ್ದಾಣದ ದಾರಿಯಲ್ಲೇ ದತ್ತಿಯ ಕಚೇರಿ. ಬಾಗಿಲು ತೆರೆದಿತ್ತು. ಕಾರ್ಯದರ್ಶಿಯವರ ಚಪ್ಪಲಿ ಮೆಟ್ಟಿಲ ಮೇಲಿದ್ದವು. ಎರಡು ನಿಮಿಷ ನಿಂತೆ. ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ನಡೆದೆ. ಮೊಳಕಾಲ್ಮೂರಿಗೆ ಅಂದು ಇನ್ನೂ ಎಷ್ಟೋ ಬಸ್ಸುಗಳಿದ್ದವು.

ಮರುದಿನ ಶುಕ್ರವಾರ. ಆಕೆ ಮತ್ತೆ ದೊಡ್ಡ ತಟ್ಟೆ ತಗೊಂಡು ನೆಲದ ಮೇಲೆ ಕೂತಳು. ಹಿಟ್ಟು ನಾದುವಾಗ ಬಲಗೈ ಬಿಟ್ಟು ಎಡ ಮುಷ್ಟಿ ಒತ್ತುತ್ತಿದ್ದಳು.

"ರಿಪೇರಿಯೋರು ಏನಂದ್ರು ಅಮ್ಮಾರೆ?"

"ಓವರ್‌ಲೋಡ್" ಎಂದೆ.

ಮುಂದಿನ ಮಂಗಳವಾರ ಆಕೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮಣಿಕಟ್ಟಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಂಡಿದ್ದಳು. "ತಪ್ಪಾತು ಅಮ್ಮಾರೆ. ಅವತ್ತು ನಾಕು ಹಾಕಬಾರ್ದಿತ್ತು. ನಂದೇ ತಪ್ಪು. ಗೌರಸಮುದ್ರದ ಮಾರಮ್ಮಂಗೆ ಹೇಳ್ಕಂಡೀನಿ, ಮಿಷನ್ ಸರಿಯಾಗಿ ಬಂದ್ರೆ ಹಣ್ಣುಕಾಯಿ ಮಾಡಿಸ್ತೀನಿ ಅಂತ."

ಆಗ ಹೇಳಬಹುದಿತ್ತು. ಬಾಗಿಲಲ್ಲಿ ನಿಂತವಳು ಆಕೆ ಒಬ್ಬಳೇ, ಬೇರೆ ಯಾರೂ ಇರಲಿಲ್ಲ. "ಸರಿ, ಹೋಗು" ಎಂದೆ.

ಆ ಶನಿವಾರ ಸಂಜೆ ಐದಕ್ಕೆ ಕೈ ರಿಜಿಸ್ಟರಿಗೆ ಹೋಯಿತು. ಯಂತ್ರ ಇರಲಿಲ್ಲ, ಸಹಿ ಹಾಕುವುದೂ ಇರಲಿಲ್ಲ. ಹಿಂದಿನ ಪುಟಗಳನ್ನು ತಿರುವಿದೆ. ಎಣ್ಣೆಯ ಕಾಲಂನಲ್ಲಿ ಹದಿನೆಂಟು ಶನಿವಾರ, ಹದಿನೆಂಟು ಸಹಿ. ಒಂದೂ ತಪ್ಪಿರಲಿಲ್ಲ. ಸೆಪ್ಟೆಂಬರಿನಿಂದ ಸಹಿಯ ಪಕ್ಕದಲ್ಲಿ "೪ ಹನಿ" ಎಂದೂ ಬರೆದಿದ್ದೆ. ಸರತಿಯ ಕಾಲಂನಲ್ಲಿ ಆಕೆಯ ವಕ್ರ ಸಹಿ. ಅಲ್ಲಿಯೂ ಒಂದೂ ತಪ್ಪಿರಲಿಲ್ಲ. ಯಂತ್ರವನ್ನು ಕೆಡಿಸಿದ್ದು ಯಾರು ಎಂಬುದಕ್ಕೆ ದಾಖಲೆಯನ್ನು ನಾನೇ ಗೆರೆ ಹಾಕಿ ಬರೆದಿಟ್ಟಿದ್ದೆ. ಭಾನುವಾರ ಪೂರ್ತಿ ಆ ರಿಜಿಸ್ಟರ್ ಮೇಜಿನ ಮೇಲೇ ಇತ್ತು. ಬಚ್ಚಿಡಬಹುದು, ಹೊಸದು ಗೆರೆ ಹಾಕಬಹುದು ಎಂಬ ಯೋಚನೆಯೂ ಬಂತು. ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಹೊರಟೆ.

ಕಾರ್ಯದರ್ಶಿಯವರು ರಿಜಿಸ್ಟರ್ ತಿರುವಿ, ನನ್ನ ಹೊಸ ಪತ್ರ ಓದಿದರು. ಯಂತ್ರ ಕೆಟ್ಟದ್ದು ನಾನು ಹಾಕಿದ ಎಣ್ಣೆಯಿಂದ, ಆಕೆ ಅದನ್ನು ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ, ಹಿಂದಿನ ವರದಿಯ ಕೊನೆಯ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದಿದ್ದೆ.

"ನಿಮ್ಮ ಮೇಲೆ ನೀವೇ ಬರ್ಕಂಡು ಬಂದೀರಲ್ಲ ಮೇಡಂ. ಹೋಗ್ಲಿ ಬಿಡ್ರಿ, ಒಂದು ಮಿಷನ್."

"ಮಿಷನ್ ವಿಷಯ ಅಲ್ಲ ಸರ್. ಆಕೆ ಖಾಯಂ ಆಗುವ ವಿಷಯ."

ಅವರು ಕನ್ನಡಕ ತೆಗೆದರು. "ಮೊನ್ನೆ ಶನಿವಾರ ಸಮಿತಿ ಕೂತಿತ್ತಲ್ಲ. ಇಬ್ರದೂ ಸಮ ಇತ್ತು. ನಿಮ್ಮ ಆ ಕೊನೇ ಸಾಲು ನೋಡಿ ನಾಯಕನಹಟ್ಟಿಯೋಳ್ನ ಮಾಡಿದ್ವಿ. ಆದೇಶನೂ ಹೋತು. ಪಾಪ, ಅವಳ್ದೇನು ತಪ್ಪು, ಈಗ ಕಿತ್ಕಳಕ್ಕಾಗುತ್ತಾ?" ಕನ್ನಡಕ ಮತ್ತೆ ಹಾಕಿಕೊಂಡು ಅಂದರು: "ಸಮಿತಿಗಿಂತ ಮುಂಚೆ ಗೊತ್ತಾಗಿದ್ರೆ ಬೇರೆ ಮಾತಾಗಿತ್ತು. ನಿಮಗೂ ಈಗ ತಿಳೀತೇನೋ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅದೇ ಮೆಟ್ಟಿಲ ಬಳಿ ಹನ್ನೊಂದು ದಿನದ ಹಿಂದೆ ನಿಂತಿದ್ದೆ. ಪತ್ರವನ್ನು ಆಕೆಯ ಕಡತದಲ್ಲಿಡಿ ಎಂದು ಕೇಳಿಕೊಂಡು ಬಂದೆ. ಇಟ್ಟರು.

ಮರುದಿನ ಮಂಗಳವಾರ ಮಧ್ಯಾಹ್ನ ಆಕೆ ಹಿಟ್ಟಿನ ಮುಂದೆ ಕೂತಿದ್ದಾಗ ಎದುರಿಗೆ ನೆಲದ ಮೇಲೆ ಕೂತೆ. ಹಾಗೆ ಕೂತದ್ದು ಅದೇ ಮೊದಲು. ಆಕೆ ಎದ್ದೇಳಲು ಹೋದಳು, ಕೂರು ಎಂದೆ. ಎಲ್ಲ ಹೇಳಿದೆ. ಎಣ್ಣೆ, ಅಂಟು, ವರದಿಯ ಸಾಲು, ನಾಯಕನಹಟ್ಟಿ. ಆಕೆಯ ಕೈ ಹಿಟ್ಟಿನಲ್ಲೇ ನಿಂತಿತು.

"ನಾನು ಬಾಣಲಿ ತೋರ್ಸಿದ್ದೆ" ಎಂದಳು ಮೆಲ್ಲಗೆ.

"ತೋರಿಸಿದ್ದೆ."

"ನಿಮಗೆ ಯಾವಾಗ ಗೊತ್ತಾತು?"

"ಚಳ್ಳಕೆರೆಗೆ ಯಂತ್ರ ತಗೊಂಡು ಹೋದ ದಿನ."

ಆಕೆ ಬೆರಳಿಗೆ ಅಂಟಿದ ಹಿಟ್ಟನ್ನು ಒಂದೊಂದಾಗಿ ಬಿಡಿಸುತ್ತ ಲೆಕ್ಕ ಹಾಕಿದಳು. ಶುಕ್ರವಾರ, ಮಂಗಳವಾರ, ಶುಕ್ರವಾರ, ಇವತ್ತು. ನಾಲ್ಕು ಸಲ ನಾದಿದ್ದಳು. ಎಣಿಸುವುದು ಎರಡನೆಯ ಬೆರಳಿಗೇ ನಿಲ್ಲಬಹುದೆಂದು ನಾನು ಕಾಯುತ್ತಿದ್ದೆ. ನಾಲ್ಕೂ ಮುಗಿಸಿ ಎರಡನೆಯದಕ್ಕೆ ಹಿಂದೆ ಬಂದಳು.

"ನಾನು ಬಾಗ್ಲಿಗೆ ಬಂದು ತಪ್ಪಾತು ಅಂದ್ನಲ್ಲ. ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ನಾನು ಸೆರಗು ಸಿಕ್ಕಿಸಿಕೊಂಡು ತಟ್ಟೆಗೆ ಕೈ ಹಾಕಿದೆ. ಆಕೆ ಒಂದೆರಡು ನಿಮಿಷ ನೋಡಿದಳು.

"ಬಿಡ್ರಿ ಅಮ್ಮಾರೆ. ನಿಮ್ ಕೈಗೆ ಹದ ಬರಲ್ಲ, ಚಪಾತಿ ಗಟ್ಟಿಯಾದ್ರೆ ಹುಡುಗೀರು ತಿನ್ನಲ್ಲ." ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಯಂತ್ರ ಸರಿಯಾಗಿ ಬಂತು. ಆಕೆ ಗೌರಸಮುದ್ರಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು, ಹರಕೆ ಹರಕೆಯೇ ಎಂದು. ಪ್ರಸಾದವನ್ನು ಹುಡುಗಿಯರಿಗೆ ಕೊಟ್ಟಂತೆಯೇ ನನಗೂ ಕೊಟ್ಟಳು. ಆ ಬೇಸಿಗೆಯಲ್ಲಿ ಆಕೆ ಮತ್ತೆ ಕಲ್ಲು ಆಯಲು ಹೋದಳು. ಖಾಯಂ ಆದದ್ದು ಮುಂದಿನ ವರ್ಷ. ಅಷ್ಟರಲ್ಲಿ ನನ್ನ ನಿವೃತ್ತಿಯ ದಿನ ಬಂದಿತ್ತು.

ಅಧಿಕಾರ ಒಪ್ಪಿಸುವ ಮುನ್ನ ಎಲ್ಲ ರಿಜಿಸ್ಟರುಗಳನ್ನೂ ತಪಾಸಣೆ ಮಾಡಬೇಕಿತ್ತು. ಅಡುಗೆಮನೆಯದನ್ನು ಕೊನೆಗೆ ತೆಗೆದೆ. ಆ ಅಕ್ಟೋಬರಿನ ನಂತರ ನಾನು ಅದನ್ನು ಮುಟ್ಟಿರಲಿಲ್ಲ. ಎಣ್ಣೆಯ ಕಾಲಂ ಹೊಡೆದುಹಾಕಬೇಕೆಂದು ಆಕೆಗೆ ಹೇಳುವುದೂ ಮರೆತಿತ್ತು. ಕಾಲಂ ಇದ್ದಮೇಲೆ ತುಂಬಬೇಕು ಎಂದು ಕಲಿಸಿದವಳು ನಾನೇ. ನೂರಕ್ಕೂ ಹೆಚ್ಚು ಸಾಲುಗಳು. ಶನಿವಾರ ಬಂದಲ್ಲೆಲ್ಲ ಎಣ್ಣೆಯ ಕೆಳಗೆ ಆಕೆಯ ವಕ್ರ ಅಕ್ಷರದಲ್ಲಿ ಒಂದೇ ಪದ, "ಇಲ್ಲ". ಪಕ್ಕದಲ್ಲಿ ಸಹಿ.

ಕೆಳಗೆ, ತಪಾಸಣೆ ಮಾಡಿದವರು ಸಹಿ ಹಾಕುವ ಜಾಗ ಖಾಲಿ ಇತ್ತು. ಪುಟ ಪುಟಕ್ಕೂ ಹಾಕಿದೆ.